ಇಕ್ಕೇರಿಯ ಕೋಲು, ಕಾಗೋಡಿನ ಕೊಳಗ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ‘ನಮ್ಮ ನಾಡು, ನಮ್ಮ ಪರಂಪರೆ’ ಎಂಬ ವಿಷಯವಾಗಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಮಗೆ ಕೊಟ್ಟ ವಿಷಯ ದೊಡ್ಡದು, ಸಮಯ ಅರ್ಧ ಗಂಟೆ. ಇಂಥ ವಿಷಯಕ್ಕೆ ಯಾರಾದರೂ ವಿದ್ವಾಂಸರನ್ನು ಕರೆಸಬೇಕಿತ್ತು ಎಂದು ಕೆಲವರು ಹೇಳಿದ್ದು ನಮ್ಮ ಕಿವಿಗೂ ಬಿದ್ದಿದೆ. ಅದೂ ಸರಿಯೇ. ಆದರೆ ಅಡಿಕೆ ಸುಲಿಯುವವರಿಗೂ ನಟ್ಟಿ ಮಾಡುವವರಿಗೂ ಈ ವಿಷಯದಲ್ಲಿ ಒಂದು ಪಾಲು ಇದೆಯಲ್ಲ, ಆ ಪಾಲಿನಷ್ಟು ಮಾತ್ರ ಮಾತಾಡುತ್ತೇವೆ. ತಪ್ಪು ಕಂಡರೆ ಹಿರಿಯರು ತಿದ್ದಬೇಕು.

ಈ ಸ್ಮರಣ ಸಂಚಿಕೆಯ ಸಮಿತಿ ಮೊದಲ ಸಲ ಸೇರಿದ ದಿನ ಒಂದು ಚರ್ಚೆ ಬಂತು. ಊರಿನ ಚರಿತ್ರೆ ಅಂತ ಒಂದು ಲೇಖನ ಬೇಕು, ಅದರಲ್ಲಿ ಏನೇನು ಹಾಕುವುದು ಎಂಬ ಚರ್ಚೆ. ಒಬ್ಬರು ಹೇಳಿದರು, “ಕೆಳದಿ ಅರಸರು, ನಗರದ ಕೋಟೆ, ಕವಲೇದುರ್ಗ ಇವೆಲ್ಲ ಬರಲಿ. ಕಾಗೋಡು ಸತ್ಯಾಗ್ರಹ ಬೇಡ. ಹಳೇ ಗಾಯ ಎಂತಕ್ಕೆ ಕೆರೆಯೋದು? ಈಗ ಎಲ್ಲರೂ ಒಂದೇ ಸಂಘದ ಸದಸ್ಯರು.” ಇನ್ನೊಬ್ಬರು ಪಟ್ಟನೆ ಹೇಳಿದರು, “ಹಂಗಾದ್ರೆ ಅರಸರದ್ದೂ ಬೇಡ. ಅರಸರು, ಕೋಟೆ ಅಂದ್ರೆ ನಮ್ಮ ಅಜ್ಜಂದಿರಿಗೆ ಎಂತ ಇತ್ತು ಅದರಲ್ಲಿ? ಕಲ್ಲು ಹೊತ್ತಿದ್ದು ಮಾತ್ರ.” ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕಾಫಿ ಬಂತು, ಚರ್ಚೆ ಮುಂದಕ್ಕೆ ಹೋಯಿತು.

ನಮ್ಮ ಮಟ್ಟಿಗೆ ಇವತ್ತಿನ ವಿಷಯ ಅಲ್ಲೇ ಇದೆ. ಪರಂಪರೆಯನ್ನು ಅಪ್ಪಿಕೊಳ್ಳಬೇಕು, ನಮ್ಮತನ ಬಿಡಬಾರದು ಎಂದು ಎಲ್ಲಾ ಸಭೆಗಳಲ್ಲೂ ಹೇಳ್ತಾರೆ, ನಾವೂ ಕೈ ತಟ್ಟುತ್ತೇವೆ. ಯಾವುದನ್ನು ಅಪ್ಪಿಕೊಳ್ಳೋದು, ಅರ್ಧವನ್ನೋ ಪೂರ್ತಿಯನ್ನೋ ಎಂದು ಕೇಳಿದಾಗ ಮಾತ್ರ ಕಾಫಿ ತರಿಸಬೇಕಾಗುತ್ತದೆ. ಆವತ್ತು ಆ ಇಬ್ಬರು ಸದಸ್ಯರು ಬೇಡವೆಂದ ಎರಡೂ ನಮಗೆ ಬೇಕು ಎನ್ನುವುದು ನಮ್ಮ ಅಭಿಪ್ರಾಯ. ಯಾಕೆ ಎನ್ನುವುದನ್ನು ರೈತರ ಲೆಕ್ಕದಲ್ಲೇ, ಅಳತೆಯ ಲೆಕ್ಕದಲ್ಲಿ ಹೇಳುತ್ತೇವೆ.

ಮೊದಲು ಅರಸರ ಕಡೆಯದು. ಸಾಗರ ಪೇಟೆಯ ಹತ್ತಿರದಲ್ಲೇ ಇಕ್ಕೇರಿ. ಅಲ್ಲಿಯ ಅಘೋರೇಶ್ವರ ದೇವಸ್ಥಾನಕ್ಕೆ ನಾವೆಲ್ಲ ಹೋಗಿದ್ದೇವೆ, ಮದುವೆಯಾದ ಹೊಸತರಲ್ಲಿ ಒಂದು ಸಲ, ನೆಂಟರು ಬಂದಾಗ ಒಂದು ಸಲ. ನಂದಿ ಮಂಟಪ ನೋಡುತ್ತೇವೆ, ಫೋಟೋ ತೆಗೆಯುತ್ತೇವೆ, ಬರುತ್ತೇವೆ. ಒಳಗೆ ನೆಲದ ಮೇಲೆ ಕೆಳದಿ ನಾಯಕರ ಉಬ್ಬುಚಿತ್ರಗಳಿವೆ, ಹೆಸರು ಸಮೇತ. ದೇವರಿಗೆ ನಮಸ್ಕಾರ ಮಾಡುತ್ತಾ ನೆಲಕ್ಕೆ ಒರಗಿದ ಅರಸರು. ಬೇರೆ ಕಡೆ ಅರಸರ ಚಿತ್ರವೆಂದರೆ ಕುದುರೆ ಮೇಲೆ, ಸಿಂಹಾಸನದ ಮೇಲೆ. ನಮ್ಮ ಕಡೆಯವರು ನೆಲದಲ್ಲಿ ಮಲಗಿದ್ದಾರೆ, ಬಂದುಹೋಗುವವರ ಕಾಲ ಹತ್ತಿರ.

ಆ ದೇವಸ್ಥಾನದ ಕಲ್ಲಿನ ಮೆಟ್ಟಿಲಿಗೂ ನಮ್ಮ ಅಡಿಕೆ ತೋಟಕ್ಕೂ ಒಂದು ಸಂಬಂಧ ಇದೆ. ಶಿವಪ್ಪನಾಯಕ 1645ರಿಂದ 1660ರವರೆಗೆ ಆಳಿದವನು. ಅವನ ‘ಶಿಸ್ತು’ ಎನ್ನುವುದನ್ನು ಶಾಲೆಯಲ್ಲಿ ಒಂದು ಸಾಲಿನಲ್ಲಿ ಓದಿ, ಒಂದು ಮಾರ್ಕಿಗೆ ಉತ್ತರ ಬರೆದು ಮರೆತಿದ್ದೇವೆ. ಶಿಸ್ತು ಅಂದರೆ ಭೂಮಿಯ ಕಂದಾಯ ಗೊತ್ತುಮಾಡಿದ ಕ್ರಮ. ಹಿಂದಿನ ಮೈಸೂರು ಗೆಜೆಟಿಯರಿನಲ್ಲಿ ಅದರ ವಿವರ ಇದೆ. ಊರೂರಿನಲ್ಲೂ ಒಂದೊಂದು ಬಗೆಯ ನೆಲದಲ್ಲಿ ಒಂದೊಂದು ಗದ್ದೆಯನ್ನು ಹನ್ನೆರಡು ವರ್ಷ ಸರ್ಕಾರದ ಖರ್ಚಿನಲ್ಲೇ ಸಾಗುವಳಿ ಮಾಡಿಸಿದರಂತೆ. ಬಿತ್ತಿದ ಬೀಜ ಎಷ್ಟು, ಖರ್ಚು ಎಷ್ಟು, ಬೆಳೆ ಎಷ್ಟು, ಅದರ ಬೆಲೆ ಎಷ್ಟು ಎಂದು ವರ್ಷವರ್ಷವೂ ಬರೆದಿಟ್ಟರು. ಹನ್ನೆರಡು ವರ್ಷದ ಸರಾಸರಿ ತೆಗೆದು, ಅದರಲ್ಲಿ ಮೂರನೇ ಒಂದು ಪಾಲನ್ನು ಸರ್ಕಾರದ ಭಾಗವೆಂದು ಗೊತ್ತು ಮಾಡಿದರು.

ಮೂರರಲ್ಲಿ ಒಂದು ಪಾಲು ಅಂದರೆ ಕಡಮೆಯೇನಲ್ಲ. ಶಿವಪ್ಪನಾಯಕನನ್ನು ದೇವರು ಮಾಡುವುದು ಬೇಡ. ಆದರೆ ಹನ್ನೆರಡು ವರ್ಷ ಎನ್ನುವುದನ್ನು ನಾವು ಕೃಷಿಕರು ಗಮನಿಸಬೇಕು. ಒಂದು ವರ್ಷ ಕೊಳೆ ಬರುತ್ತದೆ, ಒಂದು ವರ್ಷ ಮಳೆ ಕೈ ಕೊಡುತ್ತದೆ, ಒಂದು ವರ್ಷ ಒಳ್ಳೆ ಫಸಲು ಬರುತ್ತದೆ. ಒಂದು ವರ್ಷ ಬಂದು ಕಣ್ಣಂದಾಜಿನಲ್ಲಿ ಬರೆದುಕೊಂಡು ಹೋದರೆ ಅದು ಲೆಕ್ಕವಲ್ಲ. ಈಗಿನ ಕಾಲದಲ್ಲಿ ಬೆಳೆ ವಿಮೆಯ ಹಣ ಬಂದಾಗ, ಮಳೆ ಮಾಪನದ ತಕರಾರು ಎದ್ದಾಗ ನಮ್ಮ ಸಂಘದ ಕೌಂಟರಿನ ಮುಂದೆ ಎಷ್ಟು ಗಲಾಟೆ ಆಗುತ್ತದೆ, ನೀವೇ ಬಲ್ಲಿರಿ. ಮುನ್ನೂರೈವತ್ತು ವರ್ಷದ ಹಿಂದೆ ಒಬ್ಬ ಅರಸ ಗದ್ದೆಯ ಖರ್ಚನ್ನು ತಾನೇ ಹಾಕಿ ನೋಡಿ ಆಮೇಲೆ ತೆರಿಗೆ ಹೇಳಿದ ಎಂದರೆ ಅದನ್ನು ನಮ್ಮ ಮಕ್ಕಳಿಗೆ ಹೇಳಬೇಕೋ ಬೇಡವೋ?

ತೋಟದ ಲೆಕ್ಕ ಇನ್ನೂ ಸ್ವಾರಸ್ಯ. ತೋಟ ಅಳೆಯಲು ಒಂದು ಕೋಲು ಇತ್ತು. ಆ ಕೋಲಿನ ಉದ್ದ ಇಕ್ಕೇರಿ ಅಘೋರೇಶ್ವರ ದೇವಸ್ಥಾನದ ಕಲ್ಲಿನ ಮೆಟ್ಟಿಲಿನ ಉದ್ದ, ಈಗಿನ ಲೆಕ್ಕದಲ್ಲಿ ಹದಿನೆಂಟೂವರೆ ಅಡಿ. ಆ ಉದ್ದದ ಒಂದು ಚೌಕಕ್ಕೆ ‘ದಾಯ’ ಎಂದು ಹೆಸರು. ಸಾವಿರ ದಾಯಕ್ಕೆ ಇಷ್ಟು ಎಂದು ಶಿಸ್ತು. ಇದರಲ್ಲಿ ನಮಗೆ ಹಿಡಿಸಿದ್ದು ಏನೆಂದರೆ, ಅಳತೆ ಶ್ಯಾನುಭೋಗರ ಮನೆಯ ಅಟ್ಟದಲ್ಲಿ ಇರಲಿಲ್ಲ, ದೇವಸ್ಥಾನದ ಮೆಟ್ಟಿಲಾಗಿ ಬಯಲಲ್ಲಿತ್ತು. ಅನುಮಾನ ಬಂದವರು ಹೋಗಿ ನೋಡಬಹುದು. ಕಲ್ಲಾದ್ದರಿಂದ ರಾತ್ರೋರಾತ್ರಿ ಉದ್ದ ಆಗೋದಿಲ್ಲ, ಗಿಡ್ಡವೂ ಆಗೋದಿಲ್ಲ. ಮುಂದಿನ ಸಲ ಇಕ್ಕೇರಿಗೆ ಹೋದಾಗ ಫೋಟೋ ತೆಗೆದಾದ ಮೇಲೆ ಆ ಮೆಟ್ಟಿಲನ್ನೂ ಒಂದು ಸಲ ನೋಡಿ ಬನ್ನಿ.

ಕೆಳದಿ, ಇಕ್ಕೇರಿ, ಕೊನೆಗೆ ಬಿದನೂರು ಎಂದು ಇವರ ರಾಜಧಾನಿ ನಡೆದು ಬಂತು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ ಮೇಲೆ ಅದು ಹೈದರನಗರವಾಗಿ, ಆಮೇಲೆ ಬರೀ ನಗರವಾಯಿತು. ತಾಲೂಕು ಕಛೇರಿ ಕಲ್ಲೂರುಕಟ್ಟೆಗೆ ಬಂದು ಆ ಊರು ಹೊಸನಗರವಾಯಿತು. ನಮ್ಮ ತಾಲೂಕಿನ ಹೆಸರು ಹುಟ್ಟಿದ್ದೇ ಹಾಗೆ, ಒಂದು ಹಳೆಯ ಊರಿನ ನೆನಪಿನಲ್ಲಿ. ಆದರೂ ನಗರದ ಕೋಟೆಗೆ ಹೋಗದವರು ನಮ್ಮಲ್ಲೇ ಎಷ್ಟೋ ಮಂದಿ.

ಇನ್ನು ಕೊಳಗದ ಕಡೆಗೆ ಬರುತ್ತೇವೆ.

ಕಾಗೋಡು ಸಾಗರ ತಾಲೂಕಿನ ಹಳ್ಳಿ. 1951ರ ಏಪ್ರಿಲ್ 18ಕ್ಕೆ ಅಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಅವರಲ್ಲಿ ಬಹುಪಾಲು ದೀವರು. ಅದಕ್ಕಿಂತ ಮೊದಲೇ ಎಚ್. ಗಣಪತಿಯಪ್ಪನವರು ಹಳ್ಳಿಹಳ್ಳಿ ಸುತ್ತಿ ರೈತರನ್ನು ಸಂಘಟನೆ ಮಾಡಿದ್ದರು. ಜಗಳದ ಮೂಲ ಕೊಳಗ. ಹೊರಗೆ ವ್ಯವಹಾರದಲ್ಲಿ ನಡೆಯುವ ಕೊಳಗ ಒಂದು, ಗೇಣಿ ಬತ್ತ ಅಳೆಯಲು ಒಡೆಯರ ಕಣದಲ್ಲಿ ಇಡುವ ಕೊಳಗ ಇನ್ನೊಂದು, ಅದು ದೊಡ್ಡದು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಒಂದು ಕೊಳಗಕ್ಕೆ ಒಂದು ಬೊಗಸೆ ಹೆಚ್ಚು ಹೋದರೆ ಹತ್ತು ಖಂಡುಗ ಗೇಣಿಗೆ ಇನ್ನೂರು ಬೊಗಸೆ. ಇನ್ನೂರು ಬೊಗಸೆ ಬತ್ತ ಅಂದರೆ ಮಳೆಗಾಲದಲ್ಲಿ ಒಂದು ಮನೆ ಎಷ್ಟು ದಿನ ಗಂಜಿ ಕುಡಿಯಬಹುದು, ಇಲ್ಲಿ ಕೂತ ತಾಯಂದಿರು ನಮಗಿಂತ ಚೆನ್ನಾಗಿ ಲೆಕ್ಕ ಹಾಕುತ್ತಾರೆ. ಅದರ ಮೇಲೆ ಬಿಟ್ಟಿ ಚಾಕರಿ ಬೇರೆ.

ಅಳತೆ ಸರಿ ಮಾಡಿ ಎಂದು ಕೇಳಿದ್ದಕ್ಕೆ ಗದ್ದೆ ಬಿಡಿಸುವ ಮಾತು ಬಂತು. ಹೂಡಲು ಇಳಿದವರನ್ನು ಪೋಲೀಸರು ಹಿಡಿದರು. ಒಂದು ತಂಡ ಜೈಲಿಗೆ ಹೋದರೆ ಇನ್ನೊಂದು ತಂಡ ನೇಗಿಲು ಹಿಡಿದು ಇಳಿಯುತ್ತಿತ್ತು. ಶಾಂತವೇರಿ ಗೋಪಾಲಗೌಡರು ಬಂದರು. ಅವರು ನಮ್ಮ ಪಕ್ಕದ ತೀರ್ಥಹಳ್ಳಿ ತಾಲೂಕಿನ ಆರಗದವರು, ಆಗಿನ್ನೂ ಮೂವತ್ತು ತುಂಬದ ತರುಣರು. ಮರುವರ್ಷವೇ, 1952ರ ಮೊದಲನೇ ಚುನಾವಣೆಯಲ್ಲಿ, ಸಾಗರ ಹೊಸನಗರದ ಜನ ಅವರನ್ನು ವಿಧಾನಸಭೆಗೆ ಕಳಿಸಿದರು. 1951ರ ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರು ಕಾಗೋಡಿಗೆ ಬಂದು ಬಂಧನಕ್ಕೊಳಗಾದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಲೋಹಿಯಾ ಅವರು ಹುಟ್ಟಿದ್ದು ಉತ್ತರ ಪ್ರದೇಶದಲ್ಲಿ, ಓದಿದ್ದು ಜರ್ಮನಿಯಲ್ಲಿ. ಕನ್ನಡ ಬಾರದು. ಕೊಳಗ ಅಂದರೆ ಏನೆಂದು ಯಾರೋ ಅವರಿಗೆ ಬಿಡಿಸಿ ಹೇಳಿರಬೇಕು. ಜೂನ್ ತಿಂಗಳ ನಮ್ಮ ಮಳೆಯಲ್ಲಿ ಅಷ್ಟು ದೂರದಿಂದ ಬಂದು, ಹೆಸರೇ ಕೇಳದ ಒಂದು ಹಳ್ಳಿಯ ಬತ್ತದ ಅಳತೆಗಾಗಿ ಸೆರೆಯಾದರು. ‘ರಾಷ್ಟ್ರ’ ಎಂಬ ಮಾತು ಬಂದಾಗಲೆಲ್ಲ ನಮಗೆ ದೆಹಲಿಯ ಮೆರವಣಿಗೆ, ಕ್ರಿಕೆಟ್ ಮ್ಯಾಚು ಕಣ್ಣಿಗೆ ಬರುತ್ತದೆ. ಬರಲಿ, ತಪ್ಪಿಲ್ಲ. ಇದೂ ಬರಬೇಕು. ನಿಮ್ಮೂರಿನ ಕೊಳಗದ ಮೋಸ ನನ್ನ ಮೈಗೂ ತಾಗುತ್ತದೆ ಎಂದು ಸಾವಿರಾರು ಮೈಲಿ ಆಚೆಯವನು ಅಂದುಕೊಂಡರೆ ಅವನೂ ನಾವೂ ಒಂದು ದೇಶದವರು.

ಇದೇ ಮಾತಿಗೆ ಇನ್ನೊಂದು ಹಳೆಯ ನಿದರ್ಶನವೂ ನಮ್ಮ ನೆಲದಲ್ಲೇ ಇದೆ. 1689ರಲ್ಲಿ ಔರಂಗಜೇಬನ ಸೈನ್ಯ ಶಿವಾಜಿಯ ಮಗ ರಾಜಾರಾಮನ ಬೆನ್ನು ಹತ್ತಿದಾಗ, ಬಿದನೂರಿನಿಂದ ಆಳುತ್ತಿದ್ದ ಕೆಳದಿಯ ಚೆನ್ನಮ್ಮಾಜಿ ಅವನಿಗೆ ಆಸರೆ ಕೊಟ್ಟು, ದಾಟಿ ಹೋಗಲು ದಾರಿ ಮಾಡಿದಳು. ಅದಕ್ಕಾಗಿ ಮೊಗಲರ ದಂಡು ಈ ಕಾಡಿಗೂ ಬಂತು, ಅವಳು ಎದುರಿಸಿದಳು. ಮರಾಠರ ಜೊತೆ ಅದಕ್ಕೆ ಮೊದಲು ಕೆಳದಿಯವರಿಗೆ ಸ್ನೇಹವೇ ಇತ್ತೆಂದೇನೂ ಅಲ್ಲ. ಓಡಿ ಬಂದವನು ಬಾಗಿಲಿಗೆ ನಿಂತಾಗ ಅವಳು ಹಳೇ ಲೆಕ್ಕ ತೆಗೆಯಲಿಲ್ಲ. ಅವಳ ದತ್ತುಮಗ ಬಸಪ್ಪನಾಯಕನೇ ‘ಶಿವತತ್ತ್ವರತ್ನಾಕರ’ ಎಂಬ ದೊಡ್ಡ ಸಂಸ್ಕೃತ ವಿಶ್ವಕೋಶ ಬರೆದವನು.

ಕಾಗೋಡಿನ ಹೋರಾಟ ಆವತ್ತಿಗೇ ಪೂರ್ತಿ ಗೆಲ್ಲಲಿಲ್ಲ. ಆಮೇಲೆ ಗೇಣಿಯ ಕಾನೂನುಗಳು ಒಂದೊಂದಾಗಿ ಬಂದವು. ಕಂದಾಯ ಖಾತೆ ನೋಡಿಕೊಂಡು ಆ ಕೆಲಸಕ್ಕೆ ಹೆಗಲು ಕೊಟ್ಟ ಕಡಿದಾಳು ಮಂಜಪ್ಪನವರೂ ತೀರ್ಥಹಳ್ಳಿ ತಾಲೂಕಿನವರೇ, 1956ರಲ್ಲಿ ಸ್ವಲ್ಪ ಕಾಲ ಮುಖ್ಯಮಂತ್ರಿಯೂ ಆಗಿದ್ದರು. ಕೊನೆಗೆ 1974ರಲ್ಲಿ, ದೇವರಾಜ ಅರಸರ ಕಾಲದಲ್ಲಿ, ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಉಳುವವನೇ ಹೊಲದೊಡೆಯ ಎಂಬುದು ಕಾಗದದ ಮೇಲೂ ಆಯಿತು. ಈ ಸಭೆಯಲ್ಲಿ ಕೂತವರಲ್ಲಿ ಅದರಿಂದ ಭೂಮಿ ಬಂದ ಮನೆಯವರಿದ್ದಾರೆ, ಅದರಿಂದ ಭೂಮಿ ಹೋದ ಮನೆಯವರೂ ಇದ್ದಾರೆ. ಹೋದವರಲ್ಲಿ ಎಲ್ಲರೂ ದೊಡ್ಡ ಒಡೆಯರೇನಲ್ಲ. ಎರಡೆಕರೆ ಗೇಣಿಗೆ ಕೊಟ್ಟು ಪರಊರಿಗೆ ಹೋದ ಬಡ ಅರ್ಚಕರು, ಗಂಡನಿಲ್ಲದ ಹೆಂಗಸರೂ ಅದರಲ್ಲಿದ್ದರು. ಅದನ್ನೂ ಹೇಳದಿದ್ದರೆ ನಮ್ಮ ಅಳತೆಯೂ ಸರಿಯಾಗುವುದಿಲ್ಲ. ಈಗ ಎರಡೂ ಮನೆಯವರು ಒಂದೇ ರೀತಿಯ ಷೇರು ಹಿಡಿದಿದ್ದೇವೆ, ಮಹಾಸಭೆಯಲ್ಲಿ ಒಬ್ಬರಿಗೆ ಒಂದೇ ಓಟು.

ಈ ಒಂದು ಓಟಿನ ಪದ್ಧತಿಯೂ ನಮ್ಮದೇ ನಾಡಿನಲ್ಲಿ ಬೇರು ಬಿಟ್ಟದ್ದು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅವರೂ ರೈತರೇ. ನಮ್ಮ ಮಲೆನಾಡಿನಲ್ಲಿ ಅಡಿಕೆ ಬೆಳೆಗಾರರು ಮಂಡಿಯವರ ತೂಕಕ್ಕೂ ದರಕ್ಕೂ ಬೇಸತ್ತು 1939ರಲ್ಲಿ ಮ್ಯಾಮ್‌ಕೋಸ್ ಕಟ್ಟಿಕೊಂಡರು. ಅಂದರೆ ಅಡಿಕೆಯವರೂ ಒಂದು ಕಡೆಯಲ್ಲಿ ಅಳತೆಯ ಪೆಟ್ಟು ತಿಂದವರೇ. ಮಂಡಿಯಲ್ಲಿ ತಾವು ಕೇಳಿದ್ದನ್ನೇ ತಮ್ಮ ಕಣದಲ್ಲಿ ಗೇಣಿದಾರ ಕೇಳಿದಾಗ ಯಾಕೆ ಕೇಳಿಸಲಿಲ್ಲ ಎಂಬುದು ಬೇರೆ ಪ್ರಶ್ನೆ. ಈ ಪ್ರಶ್ನೆ ಹಾಕಿದ್ದಕ್ಕೆ ಮುಂದಿನ ಸಾಲಿನ ಕೆಲವರು ನಗುತ್ತಿದ್ದಾರೆ. ನಗಲಿ, ನಾವೂ ಅಡಿಕೆಯವರೇ.

ಸ್ವಾತಂತ್ರ್ಯ ಬಂದ ಮೇಲೆ 1956ರ ಕಾನೂನಿನಿಂದ ದೇಶಕ್ಕೆಲ್ಲ ಕಿಲೋ, ಮೀಟರು, ಲೀಟರು ಬಂತು. ಹಿರಿಯರಿಗೆ ನೆನಪಿರಬಹುದು, ಸೇರು ಹೋಗಿ ಕಿಲೋ ಬಂದಾಗ ಅಜ್ಜಿಯರು ಎಷ್ಟು ಬೈದರೆಂದು. ಆದರೆ ಅದರ ಬೆಲೆ ನೋಡಿ. ಕಾಶ್ಮೀರದ ಸೇಬಿಗೂ ಕನ್ಯಾಕುಮಾರಿಯ ಮೀನಿಗೂ ಹೊಸನಗರದ ಅಡಿಕೆಗೂ ಕಿಲೋ ಒಂದೇ. ನಮ್ಮ ಸಂಘದ ತೂಕದ ಮಿಷನ್ನಿಗೆ ಕಾಲಕಾಲಕ್ಕೆ ಇಲಾಖೆಯವರು ಬಂದು ಪರೀಕ್ಷೆ ಮಾಡಿ ಮುದ್ರೆ ಒತ್ತುತ್ತಾರೆ. ಆ ಮುದ್ರೆ ಎಲ್ಲರಿಗೂ ಕಾಣುವ ಹಾಗೆ ಇರಬೇಕು. ಇಕ್ಕೇರಿಯ ಮೆಟ್ಟಿಲು ಮಾಡಿದ ಕೆಲಸವನ್ನೇ ಅದು ಮಾಡುತ್ತಿದೆ.

ಆದರೆ ಅಳತೆಗೆ ಸಿಗದ ಸಂಗತಿಗಳೂ ಇವೆ. ಶರಾವತಿಯ ವಿಷಯ ತೆಗೆದುಕೊಳ್ಳಿ. 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಯಿತು, ಆಗ ನೀರು ನಿಲ್ಲಿಸಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು. 1964ರಲ್ಲಿ ಲಿಂಗನಮಕ್ಕಿ ಆದಮೇಲೆ ಆ ಹಳೆಯ ಅಣೆಕಟ್ಟೇ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಅದು ಎದ್ದು ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಸಾಗರ, ಹೊಸನಗರದ ಊರೂರೇ ನೀರಿನಡಿ ಹೋದವು. ಅಳೆದವರು ಗದ್ದೆ ಎಷ್ಟು ಎಕರೆ, ತೋಟ ಎಷ್ಟು ಎಕರೆ ಎಂದು ಅಳೆದರು. ದೇವರ ಬನ, ಭೂತನ ಕಟ್ಟೆ, ಹೆಣ್ಣುಮಕ್ಕಳು ಚಿತ್ತಾರ ಬರೆದ ಗೋಡೆ ಇವು ಯಾವ ಕಾಲಮ್ಮಿಗೂ ಬರಲಿಲ್ಲ. ನಾಡಿಗೆ ಬೆಳಕು ಬರಲಿ ಎಂದು ಎದ್ದು ಹೋದವರ ಮೊಮ್ಮಕ್ಕಳು ಜಮೀನಿನ ಹಕ್ಕುಪತ್ರಕ್ಕಾಗಿ ಇಂದಿಗೂ ಕಛೇರಿ ಸುತ್ತುತ್ತಿದ್ದಾರೆ. ಹಿನ್ನೀರಿನ ಆಚೆ ಉಳಿದ ತುಮರಿ ಕಡೆಯ ಜನ ಲಾಂಚ್ ಕಾದುಕಾದು ಎರಡು ತಲೆಮಾರು ಕಳೆದರು. ಸಿಗಂದೂರಿಗೆ ಹೋಗುವ ಆ ದೊಡ್ಡ ಸೇತುವೆ 2025ರ ಜುಲೈಯಲ್ಲಿ ಸಂಚಾರಕ್ಕೆ ತೆರೆಯಿತು. ದೇಶಪ್ರೇಮ ಎಂಬುದನ್ನು ತೂಗುವ ತಕ್ಕಡಿ ಇದ್ದರೆ ಈ ಮುಳುಗಡೆಯ ಜನರನ್ನು ಮೊದಲು ಕೂರಿಸಬೇಕು. ಸಾಗರದಲ್ಲೇ ಬಾಳಿದ ನಾ. ಡಿಸೋಜ ಅವರು ಈ ಜನರ ಕಷ್ಟವನ್ನು ಕಾದಂಬರಿಗಳಲ್ಲಿ ಬರೆದಿದ್ದಾರೆ. ಅವರ ‘ದ್ವೀಪ’ವನ್ನು ಸಿನೆಮಾ ಮಾಡಿದ ಗಿರೀಶ್ ಕಾಸರವಳ್ಳಿಯವರೂ ತೀರ್ಥಹಳ್ಳಿ ತಾಲೂಕಿನವರು.

ಚಿತ್ತಾರದ ಮಾತು ಬಂತು. ದೀವರ ಮನೆಗಳಲ್ಲಿ ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು ಇಟ್ಟುಕೊಂಡು ಪುಂಡಿ ನಾರಿನ ಕುಂಚದಿಂದ ಗೆರೆ ಎಳೆಯುತ್ತಾರೆ. ಸ್ಕೇಲಿಲ್ಲ, ಪೆನ್ಸಿಲ್ಲಿಲ್ಲ. ಗೆರೆ ಕೂದಲೆಳೆಯಷ್ಟೂ ಆಚೀಚೆ ಆಗೋದಿಲ್ಲ. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೂ ಇದೇ ಚಿತ್ತಾರ. ತೆನೆ ಕಟ್ಟುವ ಗದ್ದೆ ಎಂದರೆ ಬಸುರಿ, ಅವಳಿಗೆ ಬಯಕೆಯ ಊಟ ಎಂದು ರಾತ್ರಿಯಿಡೀ ಅಡಿಗೆ ಮಾಡಿ, ಕಾಡಿನ ಸೊಪ್ಪುಗಳನ್ನೆಲ್ಲ ಬೇಯಿಸಿ, ನಸುಕಿನಲ್ಲಿ ಗದ್ದೆಗೆ ಚರಗ ಬೀರುತ್ತೇವೆ. ಗೇಣಿಯ ಗದ್ದೆಯಲ್ಲೂ ಬೀರುತ್ತಿದ್ದರು ಎಂಬುದನ್ನು ಮರೆಯಬೇಡಿ. ಭೂಮಿ ಕಾಗದದಲ್ಲಿ ಯಾರದ್ದೇ ಆಗಿರಲಿ, ಬಯಕೆಯ ಊಟ ಉಣಿಸಿದ್ದು ಗೇಯುವವರೇ.

ಈಗ ಗೋಡೆ ಸಿಮೆಂಟಾಗಿದೆ. ಆಗಲಿ, ಮಣ್ಣಿನ ಗೋಡೆಯಲ್ಲೇ ಇರಿ ಎಂದು ಯಾರಿಗೂ ಹೇಳುವ ಹಕ್ಕು ನಮಗಿಲ್ಲ. ಸೋರುವ ಮನೆಯ ಸುಖ ಸೋರುವ ಮನೆಯವರಿಗೇ ಗೊತ್ತು. ಆದರೆ ಅದೇ ಚಿತ್ತಾರ ಬೆಂಗಳೂರಿನ ಹೋಟೆಲಿನ ಗೋಡೆಗೆ ಹೋಗಿ ಕೂತಿದೆ, ಬರೆದ ಕೈಗೆ ಕೂಲಿ ಮಾತ್ರ ಸಿಕ್ಕಿದೆ. ಸಾಗರದ ಹತ್ತಿರ ಭೀಮನಕೋಣೆಯಲ್ಲಿ ಹೆಣ್ಣುಮಕ್ಕಳ ಚರಕ ಸಹಕಾರ ಸಂಘವಿದೆ. ಕೈಮಗ್ಗದ ಬಟ್ಟೆಗೆ ಅಡಿಕೆ ಚೊಗರಿನಂಥ ಗಿಡಮರದ ಬಣ್ಣ ಹಾಕಿ ಮಾರಿದವರು ಅವರು. ನಾವು ಬೇಯಿಸಿ ಚೆಲ್ಲುತ್ತಿದ್ದ ಚೊಗರು! ಅವರಿಗೆ ಕಷ್ಟದ ವರ್ಷಗಳೂ ಬಂದವು. ಆದರೂ ಹಳೆಯ ವಿದ್ಯೆಗೆ ಹೊಸದಾಗಿ ಸಂಬಳ ಹುಟ್ಟಿಸಬಹುದು, ಅದೂ ಸಹಕಾರದಲ್ಲಿ, ಎಂದು ತೋರಿಸಿದರು. ಅದೇ ಪಕ್ಕದ ಹೆಗ್ಗೋಡಿನಲ್ಲಿ 1949ರಲ್ಲಿ ಅಡಿಕೆ ತೋಟದವರು ಸೇರಿ ಕಟ್ಟಿದ ನೀನಾಸಂ ಇದೆ. ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಹಳ್ಳಿ ಬಿಟ್ಟು ಹೋಗಿರಲಿಲ್ಲ. ಶೇಕ್ಸ್‌ಪಿಯರನ ನಾಟಕವನ್ನು ಕನ್ನಡದಲ್ಲಿ ಹಳ್ಳಿಯವರಿಗೆ ತೋರಿಸಿದರು. ನಮ್ಮದನ್ನು ಹಿಡಿದುಕೊಂಡವರು ಪರರದ್ದಕ್ಕೆ ಹೆದರಬೇಕಾಗಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕುಪ್ಪಳಿಯ ಬಗ್ಗೆ ಹೇಳದೆ ಈ ಮೂರು ತಾಲೂಕಿನ ಮಾತು ಮುಗಿಯುವುದಿಲ್ಲ. 2004ರಲ್ಲಿ ಸರ್ಕಾರ ನಾಡಗೀತೆಯೆಂದು ಗೊತ್ತುಮಾಡಿದ ಹಾಡು ಕುವೆಂಪು ಅವರದ್ದು. ಕರ್ನಾಟಕವನ್ನು ತಾಯಿಯಾಗಿ, ಭಾರತದ ಮಗಳಾಗಿ ಅವರು ಕಂಡರು. ಆದ್ದರಿಂದ ಕನ್ನಡಿಗನೋ ಭಾರತೀಯನೋ ಎಂಬ ಜಗಳ ನಮ್ಮ ಕಡೆ ಹುಟ್ಟುವುದೇ ಇಲ್ಲ. ಮನೆ ಮಗಳು ತಾಯಿಯನ್ನು ಬಿಡಬೇಕೆಂದು ಯಾರೂ ಕೇಳುವುದಿಲ್ಲವಲ್ಲ. ಆ ಕವಿಮನೆಗೇ 2015ರಲ್ಲಿ ಕಳ್ಳರು ನುಗ್ಗಿ ಪದ್ಮ ಪ್ರಶಸ್ತಿಯ ಪದಕ ಒಯ್ದರು. ಕಾವಲು ಇದ್ದ ಕಡೆಯೇ ಹೀಗಾದರೆ ಕಾವಲಿಲ್ಲದ ನಮ್ಮ ಅಟ್ಟಗಳ ಗತಿ ಏನು?

ಅಲ್ಲಿಗೇ ಬರುತ್ತೇವೆ. ಹಳೆಯ ಮನೆ ಕಿತ್ತು ಹೊಸದು ಕಟ್ಟುವಾಗ ವ್ಯಾನ್ ತೆಗೆದುಕೊಂಡು ಬರುವವರನ್ನು ನೀವೆಲ್ಲ ನೋಡಿದ್ದೀರಿ. ಕೆತ್ತನೆಯ ಕಂಬ, ಬಾಗಿಲುವಾಡ, ಹಿತ್ತಾಳೆ ಪಾತ್ರೆ, ಪತ್ತಾಯ, ಕೊಳಗ, ಸಿದ್ದೆ ಎಲ್ಲವನ್ನೂ ಹಳೇ ಸಾಮಾನಿನ ದರಕ್ಕೆ ತುಂಬಿಕೊಂಡು ಹೋಗುತ್ತಾರೆ. ಈಚೆಗೆ ನೆಂಟರ ಜೊತೆ ಒಂದು ಹೋಂಸ್ಟೇಗೆ ಹೋಗಿದ್ದೆವು. ಜಗಲಿಯಲ್ಲಿ ಒಂದು ಹಳೇ ಕೊಳಗ, ಅದರಲ್ಲಿ ಪ್ಲಾಸ್ಟಿಕ್ ಹೂವು. ಬಂದವರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅದು ಯಾವ ಕಣದ ಕೊಳಗವೋ, ಬರೋಬ್ಬರಿ ಅಳತೆಯದೋ ದೊಡ್ಡದೋ, ಅದರ ಮುಂದೆ ಯಾರ ಅಜ್ಜ ಕೈ ಕಟ್ಟಿ ನಿಂತಿದ್ದನೋ! ಕೊಳಗ ಉಳಿದಿದೆ, ಅದರ ಮಾತು ಹೋಗಿದೆ. ಮಾತಿಲ್ಲದೆ ಉಳಿದ ವಸ್ತುವನ್ನು ಪರಂಪರೆ ಎನ್ನಲು ನಮಗೆ ಮನಸ್ಸು ಬರುವುದಿಲ್ಲ.

ಕೆಳದಿಯಲ್ಲಿ ಗುಂಡಾ ಜೋಯಿಸರು ಮನೆಮನೆ ತಿರುಗಿ ತಾಳೆಗರಿ, ಕಡತ, ನಾಣ್ಯ, ಕತ್ತಿ ಒಟ್ಟು ಮಾಡಿ ಒಂದು ವಸ್ತುಸಂಗ್ರಹಾಲಯವನ್ನೇ ಕಟ್ಟಿದರು. ಅರಸರ ಮನೆಯ ವಸ್ತುಗಳಿಗೆ ಹೀಗೆ ಒಂದು ಮನೆ ಸಿಕ್ಕಿತು. ಗೇಯುವವರ ಮನೆಯ ಸಾಮಾನಿಗೆ ಯಾರು ಜಾಗ ಕೊಡುತ್ತಾರೆ? ಸರ್ಕಾರ ಕೊಡಲಿ ಎಂದು ಕೂತರೆ ಅಷ್ಟರಲ್ಲಿ ವ್ಯಾನ್ ಇನ್ನೆರಡು ಸುತ್ತು ಬಂದಿರುತ್ತದೆ.

ಆದ್ದರಿಂದ ಆಡಳಿತ ಮಂಡಳಿಯ ಮುಂದೆ ನಾವು ಒಂದು ಸೂಚನೆ ಇಟ್ಟಿದ್ದೇವೆ, ಅದನ್ನು ನಿಮ್ಮ ಮುಂದೂ ಇಡುತ್ತೇವೆ. ಗೋಡೌನಿನ ಮುಂದಿನ ಕೋಣೆಯಲ್ಲಿ ಗೊಬ್ಬರದ ಚೀಲ ತೆಗೆದು ಎರಡು ಗಾಜಿನ ಬೀರು ಇಡುವುದು. ಸದಸ್ಯರ ಮನೆಯಲ್ಲಿರುವ ಅಳತೆಯ ಸಾಮಾನು ಮಾತ್ರ ಸದ್ಯಕ್ಕೆ: ಕೊಳಗ, ಬಳ್ಳ, ಸೇರು, ಸಿದ್ದೆ, ಹಳೇ ತಕ್ಕಡಿ, ತೂಕದ ಕಲ್ಲು. ದಾನ ಕೊಡಬೇಕಾಗಿಲ್ಲ. ರಸೀತಿ ಬರೆದುಕೊಡುತ್ತೇವೆ, ಬೇಕೆಂದಾಗ ಒಯ್ಯಬಹುದು. ಪ್ರತಿಯೊಂದರ ಹತ್ತಿರ ಒಂದು ಚೀಟಿ: ಯಾವ ಊರಿನದು, ಏನು ಅಳೆಯುತ್ತಿದ್ದರು, ಗೇಣಿ ಕೊಟ್ಟ ಮನೆಯದೋ ಪಡೆದ ಮನೆಯದೋ. ಈ ಕೊನೆಯ ಸಾಲು ಬೇಡ ಎಂದು ಮಂಡಳಿಯಲ್ಲಿ ಇಬ್ಬರು ಹೇಳಿದ್ದಾರೆ. ಅದು ಇಲ್ಲದಿದ್ದರೆ ಬೀರು ಮಾಡಿಸಿದ ಖರ್ಚು ದಂಡ ಎಂಬುದು ನಮ್ಮ ಹಟ. ಮನೆತನದ ಹೆಸರು ಹಾಕುವುದು ಬಿಡುವುದು ಕೊಟ್ಟವರ ಇಷ್ಟ. ಯಾರನ್ನೂ ಹೀನಾಯ ಮಾಡುವ ಉದ್ದೇಶ ಇದರಲ್ಲಿಲ್ಲ. ಇವತ್ತು ಬದುಕಿರುವವರಲ್ಲಿ ಆ ಕೊಳಗ ಮಾಡಿಸಿದವರು ಯಾರೂ ಇಲ್ಲ.

ಎರಡನೆಯದು, ಎಂಬತ್ತು ದಾಟಿದ ಹಿರಿಯರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡುವುದು. ಹೈಸ್ಕೂಲು ಓದುವ ಮಕ್ಕಳು ಈ ಕೆಲಸಕ್ಕೆ ತಯಾರಿದ್ದಾರೆ. ಇಂಗ್ಲಿಷ್ ಮೀಡಿಯಮ್ ಮಕ್ಕಳೂ ಬರಲಿ. ಅವರಿಗೆ ಖಂಡುಗ, ದಾಯ, ಚರಗ ಎಂಬ ಮಾತು ಕೇಳಿಸಿಕೊಂಡಾದರೂ ಕಿವಿಗೆ ಬೀಳಲಿ. ಹಿರಿಯರು ಕಾಯುತ್ತಾ ಕೂರುವುದಿಲ್ಲ, ಹೋದ ಮಳೆಗಾಲದಲ್ಲೇ ನಮ್ಮ ವ್ಯಾಪ್ತಿಯ ಮೂವರು ಹೋಗಿಬಿಟ್ಟರು.

ಮೂರನೆಯದು ಸಣ್ಣದು. ದೀಪಾವಳಿಯಲ್ಲಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ರಾತ್ರಿಯಿಡೀ ಹಾಡುತ್ತಾ ಮನೆಮನೆಗೆ ಬರುತ್ತಾರಲ್ಲ, ಆ ತಂಡಗಳು ಕಡಮೆಯಾಗುತ್ತಿವೆ. ಹಾಡು ಬಲ್ಲವರಿದ್ದಾರೆ, ಹಿಮ್ಮೇಳಕ್ಕೆ ಹುಡುಗರಿಲ್ಲ. ಹುಡುಗರು ಬೆಂಗಳೂರಿನಿಂದ ಹಬ್ಬಕ್ಕೆ ಬರುತ್ತಾರೆ, ಬಂದವರು ಮಲಗುತ್ತಾರೆ. ಮೂರು ರಾತ್ರಿಯಲ್ಲಿ ಒಂದು ರಾತ್ರಿಯಾದರೂ ಹಿಂದೆ ನಿಂತು ದನಿ ಕೊಡಿ ಎ೦ದು ಕೇಳಬೇಕು. ದೀಪದ ಎಣ್ಣೆ, ಮಧ್ಯರಾತ್ರಿಯ ಕಾಫಿ ಸಂಘ ನೋಡಿಕೊಳ್ಳಲಿ. ಆ ದೀಪ ಆರಬಾರದು ಎಂಬ ನಿಯಮ, ಯಾವ ಜಾತಿಯ ಮನೆಯಾದರೂ ಎಣ್ಣೆ ಎರೆಯಲೇಬೇಕು.

ಇದಕ್ಕೆಲ್ಲ ಹಣ ಎಲ್ಲಿಂದ ಎಂದು ಕೇಳುವವರು ಕೇಳಲೇಬೇಕು, ಕೇಳದಿದ್ದರೆ ಅದು ಸಹಕಾರ ಸಂಘವೇ ಅಲ್ಲ. ಲಾಭ ವಿಲೇವಾರಿಯಲ್ಲಿ ಶಿಕ್ಷಣ, ಧರ್ಮಾರ್ಥ ಎಂದು ಬಾಬ್ತುಗಳಿವೆ. ಬೈಲಾ ನೋಡಿ, ಲೆಕ್ಕಪರಿಶೋಧಕರನ್ನು ಕೇಳಿ, ಮಹಾಸಭೆ ಒಪ್ಪಿದಷ್ಟನ್ನು ಮಾತ್ರ ಖರ್ಚು ಮಾಡುವುದು. ಎಲೆಚುಕ್ಕಿ ರೋಗದಲ್ಲಿ ತೋಟ ಹೋಗುತ್ತಿರುವಾಗ ಇದೆಲ್ಲ ಎಂತಕ್ಕೆ ಎನ್ನುವವರೂ ಇದ್ದಾರೆ. ಔಷಧಿಯ ಸಾಲಕ್ಕೆ ಇಟ್ಟ ಹಣದಲ್ಲಿ ಒಂದು ಪೈಸೆಯನ್ನೂ ಇದಕ್ಕೆ ಮುಟ್ಟುವುದಿಲ್ಲ ಎಂದು ನಿರ್ದೇಶಕರಾಗಿ ಮಾತು ಕೊಡುತ್ತೇವೆ.

ವಾರ್ಷಿಕ ಮಹಾಸಭೆಯ ನೋಟೀಸಿನಲ್ಲಿ ಈ ವಿಷಯ ಬರುತ್ತದೆ. ಅದಕ್ಕೆ ಮೊದಲು ಒಂದು ಸಲ ಅಟ್ಟ ಹತ್ತಿ ನೋಡಿ. ಕೊಳಗ ಇದ್ದವರು ಮಹಾಸಭೆಯ ದಿನ ಹಿಡಿದು ಬನ್ನಿ, ಒಡೆಯರ ಮನೆಯವರೂ ಗೇಣಿ ಮನೆಯವರೂ. ಬತ್ತ ಸಂಘದ್ದು, ಮಿಷನ್ನೂ ಸಂಘದ್ದು. ಒಂದೊಂದು ಕೊಳಗವನ್ನೂ ತುಂಬಿಸಿ, ತಲೆ ಗೀಟಿ, ಎಲ್ಲರ ಎದುರಿಗೆ ತೂಗೋಣ. ಎಷ್ಟು ಕಿಲೋ ಬರುತ್ತದೆ ಎಂದು ಕಾರ್ಯದರ್ಶಿಗಳು ಚೀಟಿಯಲ್ಲಿ ಬರೆದು ಅಂಟಿಸಲಿ. ಆಮೇಲೆ ಊಟ ಇದೆ.